ವೀಟಾ ತ್ರೀಡಿ ಮಾಸ್ಟರ್: ಮುಂದಿನ ಹಲ್ಲಿಗೆ ಬಣ್ಣ ಹೊಂದಿಸುವ ಶೇಡ್ ಗೈಡ್

ಕಲಬುರಗಿಯ ನಮ್ಮ ದಂತ ಚಿಕಿತ್ಸಾಲಯದಲ್ಲಿ ಪೋರ್ಸಲಿನ್ ಕ್ಯಾಪ್‌ನ ಬಣ್ಣ ಗೊತ್ತುಮಾಡಲು ನಾನು ಈಗ ಮೊದಲು ಕೈಗೆತ್ತಿಕೊಳ್ಳುವುದು ಜರ್ಮನಿಯ ವೀಟಾ ಕಂಪನಿಯ ತ್ರೀಡಿ ಮಾಸ್ಟರ್ ಶೇಡ್ ಗೈಡನ್ನು, ಅಂದರೆ ಹಲ್ಲಿನ ಪಕ್ಕ ಹಿಡಿದು ಹೋಲಿಸುವ ಬಣ್ಣದ ಮಾದರಿಗಳ ಗುಚ್ಛವನ್ನು. ಅದೇ ಕಂಪನಿ 1956ರಲ್ಲಿ ತಂದ, ಎ1ರಿಂದ ಡಿ4ರವರೆಗೆ 16 ಮಾದರಿಗಳಿರುವ ಕ್ಲಾಸಿಕಲ್ ಗೈಡ್‌ನ ಹೆಸರುಗಳೇ ಇಂದಿಗೂ ಹೆಚ್ಚಿನ ಲ್ಯಾಬ್‌ಗಳಲ್ಲಿ ಬಳಕೆಯಲ್ಲಿದ್ದರೂ, ಅದರಲ್ಲಿ ಹಲ್ಲು ಕೆಂಗಂದೋ, ಹಳದಿಯೋ, ಬೂದಿಯೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕಾಗುತ್ತದೆ. 1998ರಲ್ಲಿ ಬಂದ ತ್ರೀಡಿ ಮಾಸ್ಟರ್‌ನಲ್ಲಿ ಮೊದಲು ನೋಡುವುದು ಹಲ್ಲು ಎಷ್ಟು ತಿಳಿಯಾಗಿದೆ, ಎಷ್ಟು ಮಬ್ಬಾಗಿದೆ ಎಂಬುದನ್ನು. ಬಣ್ಣದ ಗಾಢತೆ ಎರಡನೆಯದು, ಹಳದಿಯತ್ತ ಅಥವಾ ಕೆಂಪಿನತ್ತ ಇರುವ ವಾಲಿಕೆ ಕೊನೆಯದು. ಈ ಕ್ರಮವೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಈ ವಾಲಿಕೆಯಲ್ಲಿ ಅಲ್ಪ ವ್ಯತ್ಯಾಸವಿದ್ದರೆ ಎದುರಿಗಿರುವವರಿಗೆ ತಿಳಿಯುವುದೇ ಇಲ್ಲ, ಆದರೆ ಅಕ್ಕಪಕ್ಕದ ಹಲ್ಲಿಗಿಂತ ಬೆಳ್ಳಗಾದ ಕ್ಯಾಪ್ ಮಾತನಾಡುವಾಗಲೇ ಎದ್ದು ಕಾಣುತ್ತದೆ.

ಗೈಡ್ ಎಷ್ಟೇ ಉತ್ತಮವಾಗಿದ್ದರೂ ಬಳಸುವ ವೇಳೆ ತಪ್ಪಿದರೆ ಪ್ರಯೋಜನವಿಲ್ಲ. ಹಲ್ಲು ಒಣಗಿದಂತೆ ಬೆಳ್ಳಗಾಗುವುದರಿಂದ, ಅದನ್ನು ತೇಯುವ ಮೊದಲೇ, ಗುಟ್ಕಾ ಅಥವಾ ಚಹಾದ ಕಲೆ ತೆಗೆದು, ತುಟಿಯ ಬಣ್ಣ ಒರೆಸಿ, ಮಾದರಿಯನ್ನೂ ಹಲ್ಲನ್ನೂ ಒದ್ದೆಯಾಗಿರಿಸಿ ಹೋಲಿಸಬೇಕು. ಕೆಲವೇ ಸೆಕೆಂಡು ನೋಡಿ ಕಣ್ಣನ್ನು ಬೂದುಬಣ್ಣದ ಕಾರ್ಡಿನತ್ತ ತಿರುಗಿಸದಿದ್ದರೆ ದೃಷ್ಟಿ ದಣಿದು ಭೇದವೇ ತೋರುವುದಿಲ್ಲ. ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗಿ ಕಾಣಬಹುದಾದ್ದರಿಂದ, ಹಗಲಿನ ಬೆಳಕಿನಲ್ಲಿ ಆರಿಸಿದ ಮಾದರಿಯನ್ನು ಕೋಣೆಯ ದೀಪದಲ್ಲೂ ಪರೀಕ್ಷಿಸುವುದು ಅಗತ್ಯ.

ನಮ್ಮ ಭಾಗದಲ್ಲಿ ಈ ಗೈಡ್‌ನ ಮಿತಿಯೂ ಸ್ಪಷ್ಟವಾಗುತ್ತದೆ. ಯಾದಗಿರಿ ಕಡೆಯಲ್ಲಿ, ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಯ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆಗಳೂ ಕಂದು ಪಟ್ಟೆಗಳೂ ಇರುತ್ತವೆ. ತ್ರೀಡಿ ಮಾಸ್ಟರ್‌ನ 26 ಸಹಜ ಶೇಡ್‌ಗಳಲ್ಲಿ ಯಾವುದೂ ಅಂಥ ಹಲ್ಲಿಗೆ ಒಪ್ಪುವುದಿಲ್ಲ. ಆಗ ತಳಬಣ್ಣಕ್ಕಷ್ಟೇ ಗೈಡನ್ನು ನಂಬಿ, ಮಾದರಿಯನ್ನು ಹಲ್ಲಿನ ಪಕ್ಕದಲ್ಲೇ ಹಿಡಿದು ಫೋಟೊ ತೆಗೆದು, ಬುಡ, ನಡು, ಅಂಚುಗಳ ಬಣ್ಣವನ್ನೂ ಮಚ್ಚೆಗಳ ಸ್ಥಾನವನ್ನೂ ಚಿತ್ರ ಬರೆದು ಲ್ಯಾಬ್‌ಗೆ ಕಳುಹಿಸುತ್ತೇನೆ. ಲೋಹದ ಮೇಲೆ ಪೋರ್ಸಲಿನ್ ಹೊದಿಸಿದ ಕ್ಯಾಪ್ ಆಗಿದ್ದರೆ ಇನ್ನಷ್ಟು ಎಚ್ಚರ ಬೇಕು. ಗೈಡ್‌ನ ಮಾದರಿ ದಪ್ಪನೆಯದು, ಅದರೊಳಗೆ ಲೋಹವಿಲ್ಲ. ಕ್ಯಾಪ್‌ನಲ್ಲಾದರೋ ಲೋಹವನ್ನು ಮರೆಮಾಡುವ ಪದರದ ಮೇಲೆ ತೆಳುವಾದ ಪೋರ್ಸಲಿನ್ ಮಾತ್ರ ಉಳಿಯುವುದರಿಂದ, ಅದೇ ಸಂಖ್ಯೆಯ ಪೋರ್ಸಲಿನ್ ಪುಡಿ ಬಳಸಿದರೂ ಆಳದ ಹೊಳಪು ಬರುವುದಿಲ್ಲ.

ಎರಡು ಶೇಡ್‌ಗಳ ನಡುವೆ ಸಂದೇಹ ಉಳಿದರೆ ನಾನು ತಿಳಿಯಾದುದನ್ನೇ ಬರೆಯುತ್ತೇನೆ, ಏಕೆಂದರೆ ಮೇಲೆ ಬಣ್ಣ ಹಚ್ಚಿ ಸುಟ್ಟು ಕ್ಯಾಪನ್ನು ಗಾಢಗೊಳಿಸಬಹುದು, ಗಾಢವಾದುದನ್ನು ತಿಳಿಗೊಳಿಸುವುದು ಬಹಳ ಕಷ್ಟ. ಬೆಲೆ ದುಬಾರಿಯೇ ಆದರೂ ಮುಂದಿನ ಹಲ್ಲುಗಳ ಕೆಲಸ ಮಾಡುವವರಿಗೆ ಇದು ಕೊಳ್ಳತಕ್ಕ ಸಾಧನ. ಕೊಳ್ಳುವ ಮುನ್ನ ನಿಮ್ಮ ಲ್ಯಾಬ್‌ನವರಲ್ಲಿ ಈ ಪದ್ಧತಿಯ ಪುಡಿಗಳು ಇವೆಯೇ ಎಂದು ವಿಚಾರಿಸಿಕೊಳ್ಳಿ, ಇಲ್ಲದಿದ್ದರೆ ನೀವು ಬರೆದ 2ಎಂ2 (ಮೊದಲ ಅಂಕೆ ತಿಳಿತನ, ಅಕ್ಷರ ವಾಲಿಕೆ, ಕೊನೆಯ ಅಂಕೆ ಗಾಢತೆ) ಅನ್ನು ಅವರು ಅಂದಾಜಿನ ಮೇಲೆ ಹಳೆಯ ಎ ಅಥವಾ ಬಿ ಶೇಡ್‌ಗೆ ಬದಲಿಸಿಕೊಳ್ಳಬೇಕಾಗುತ್ತದೆ.