ಬಾಸ್ ಬೋಟಿಗೆ 115 ಎಚ್‌ಪಿ ಇಂಜಿನ್ ಸಾಕಾ, 150 ಬೇಕಾ? ಓಡಿಸಿ ನೋಡಿ ಕಂಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಮೀನು ಹಿಡಿಯುವ ಟೂರ್ನಮೆಂಟ್ ಆಡುವವನಲ್ಲ. ಡಾಲಸ್ ಪಕ್ಕದಲ್ಲಿ ಮನೆ. ಶನಿವಾರ ಬೆಳಗಿನ ಜಾವ ಎದ್ದು, ಬಾಸ್ ಅನ್ನುವ ಸಿಹಿನೀರಿನ ಮೀನು ಹಿಡಿಯಲು ಇಲ್ಲಿನ ಸರೋವರಗಳಾದ ಲೇಕ್ ಫೋರ್ಕ್‌ಗೋ ರೇ ರಾಬರ್ಟ್ಸ್‌ಗೋ ಹೋಗಿ, ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್ ಬರುವ ಪೈಕಿ. ಎಂಟು ವರ್ಷ ಒಂದು ಹಳೇ 16 ಅಡಿ ಅಲ್ಯೂಮಿನಿಯಂ ಬೋಟ್ ಇಟ್ಟುಕೊಂಡಿದ್ದೆ. ಅದನ್ನು ಮಾರಿ ಹದಿನೆಂಟೂವರೆ ಅಡಿಯ ಫೈಬರ್‌ಗ್ಲಾಸ್ ಬೋಟ್ ತಗೊಳ್ಳೋಣ ಅಂತ ಹೊರಟೆ. ಬೋಟ್ ಆರಿಸಿದ್ದು ಒಂದು ವಾರದಲ್ಲಿ ಮುಗಿಯಿತು. ತಲೆನೋವು ಶುರುವಾಗಿದ್ದು ಆಮೇಲೆ. ಡೀಲರ್ ಒಂದು ಹಾಳೆ ಮುಂದಿಟ್ಟ. ಇಂಜಿನ್ ಯಾವುದು, ಟ್ರೋಲಿಂಗ್ ಮೋಟಾರ್ (ಬೋಟಿನ ಮೂತಿಯಲ್ಲಿ ಕೂರುವ, ಬ್ಯಾಟರಿಯಲ್ಲಿ ಓಡುವ ಚಿಕ್ಕ ಮೋಟಾರ್) ಯಾವುದು, ಬ್ಯಾಟರಿ, ನೀರೊಳಗೆ ಏನಿದೆ ಅಂತ ಶಬ್ದದಿಂದ ತೋರಿಸುವ ಸೋನಾರ್, ಇಂಜಿನ್ ಎತ್ತಿ ಇಳಿಸುವ ಜ್ಯಾಕ್ ಪ್ಲೇಟ್, ಆ್ಯಂಕರ್. ಒಂದೊಂದು ಟಿಕ್‌ಗೂ ಸಾವಿರ, ಎರಡು ಸಾವಿರ ಡಾಲರ್. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಪಟ್ಟಿ ಓದಿದ ಹಾಗೆ, ಯಾವುದಕ್ಕೂ ಬೇಡ ಅನ್ನಲು ಬಾಯಿ ಬರುವುದಿಲ್ಲ.

ಸುಮ್ನೆ ಹೂಂ ಅನ್ನುವ ಬದಲು ನಾಲ್ಕು ತಿಂಗಳು ಕಾದೆ. ಡೆಮೊ ಬೋಟ್, ಗೆಳೆಯರ ಬೋಟ್, ಪಕ್ಕದ ಮನೆಯವರ ಬೋಟ್, ಯಾವುದು ಸಿಕ್ಕರೂ ಓಡಿಸಿ ನೋಡಿದೆ. ಎಲ್ಲ ದಿನವೂ ಒಂದೇ ಗಾಳಿ ಇರಲಿಲ್ಲ, ಒಂದೇ ತೂಕ ಇರಲಿಲ್ಲ. ಹಾಗಾಗಿ ನನ್ನ ಅಂಕಿಗಳನ್ನು ಅಂದಾಜು ಅಂತಲೇ ಓದಿಕೊಳ್ಳಿ.

ಲೇಕ್ ಫೋರ್ಕ್ ಬಗ್ಗೆ ಒಂದು ಮಾತು, ಯಾಕೆಂದರೆ ನೀರು ಹೇಗಿದೆ ಅನ್ನುವುದರ ಮೇಲೆ ಬೋಟ್ ನಿಂತಿದೆ. ಹೆಸರು ಲೇಕ್, ಆದರೆ ಅದು ಅಣೆಕಟ್ಟಿನ ಹಿನ್ನೀರು. 1980ರಲ್ಲಿ ಕಟ್ಟಿದ್ದು, ಸುಮಾರು 27,000 ಎಕರೆ. ಮರಗಳನ್ನು ಪೂರ್ತಿ ಕಡಿಯದೆ ನೀರು ತುಂಬಿಸಿದ್ದಾರೆ, ಈಗಲೂ ಒಣ ಮರಗಳು ನೀರಿನ ಮಧ್ಯೆ ನಿಂತಿವೆ. ನಾನು ಸಾಗರದವನು. ಶರಾವತಿ ಹಿನ್ನೀರಿನ ಒಣ ಬೊಡ್ಡೆಗಳನ್ನು ನೋಡುತ್ತಾ ಬೆಳೆದವನಿಗೆ ಇದು ಮೊದಲ ದಿನವೇ ಮನೆಯ ಹಾಗೆ ಅನಿಸಿತ್ತು. ಟೆಕ್ಸಸ್‌ನ ದಾಖಲೆಯ ಬಾಸ್ ಸಿಕ್ಕಿದ್ದೂ ಇಲ್ಲೇ, 1992ರ ಜನವರಿಯಲ್ಲಿ. 18.18 ಪೌಂಡ್, ಅಂದರೆ ಎಂಟು ಕಿಲೋಗೂ ಜಾಸ್ತಿ. ಆ ಮರಗಳ ಬುಡದಲ್ಲೇ ಮೀನು ಇರುತ್ತದೆ, ಆ ಮರಗಳೇ ಬೋಟಿನ ಹೊಟ್ಟೆಯನ್ನೂ ಸೀಳುತ್ತವೆ. ಗುರುತು ಹಾಕಿದ ದಾರಿ ಬಿಟ್ಟರೆ ಇಲ್ಲಿ ಯಾರೂ ಜೋರಾಗಿ ಓಡಿಸುವುದಿಲ್ಲ.

ಈಗ ಇಂಜಿನ್. ಒಂದೇ ಮಾಡೆಲ್ ಬೋಟಿಗೆ 115 ಮತ್ತು 150 ಎರಡೂ ಹಾಕಿದ್ದನ್ನು ಓಡಿಸುವ ಅದೃಷ್ಟ ಸಿಕ್ಕಿತು. 115 ಅಂದರೆ ಮರ್ಕ್ಯುರಿ ಕಂಪನಿಯ 2.1 ಲೀಟರ್ ಇಂಜಿನ್. 150 ಅಂದರೆ ಅವರದೇ 3.0 ಲೀಟರ್ ಪ್ರೊ ಎಕ್ಸ್‌ಎಸ್. ಒಬ್ಬನೇ ಕೂತು ಓಡಿಸಿದರೆ 115 ಗಂಟೆಗೆ 46 ಮೈಲಿ ಹೋಯಿತು, 150 ಹೋಗಿದ್ದು 55. ಒಂಬತ್ತು ಮೈಲಿಗೆ ಮೂರೂವರೆ ಸಾವಿರ ಡಾಲರ್ ಜಾಸ್ತಿ ಯಾಕೆ ಕೊಡಬೇಕು, 115 ಸಾಕು ಅಂತ ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದೆ. ಮುಂದಿನ ವಾರ ಹೆಂಡತಿ, ಇಬ್ಬರು ಮಕ್ಕಳು, ಐಸ್ ಬಾಕ್ಸ್, ತುಂಬಿದ ಪೆಟ್ರೋಲ್ ಟ್ಯಾಂಕ್ ಎಲ್ಲ ಹೇರಿಕೊಂಡು ಹೋದೆ. ಅವತ್ತು ಗೊತ್ತಾಯಿತು. ಥ್ರಾಟಲ್ ತಳ್ಳಿದರೆ ಮೂತಿ ಆಕಾಶ ನೋಡುತ್ತದೆ, ಕೆಳಗಿಳಿಯುವುದೇ ಇಲ್ಲ. ಒಂದು, ಎರಡು, ಮೂರು ಅಂತ ಮಗಳು ಎಣಿಸಲು ಶುರು ಮಾಡಿದಳು, ಒಂಬತ್ತು ಅನ್ನುವಾಗ ಬೋಟ್ ಮಟ್ಟಸವಾಗಿ ನೀರಿನ ಮೇಲೆ ಜಾರತೊಡಗಿತು. ಅಷ್ಟೂ ಹೊತ್ತು ಎದುರಿಗೆ ಏನಿದೆ ಅಂತ ನನಗೆ ಕಾಣುತ್ತಿರಲಿಲ್ಲ. ಮರದ ಬೊಡ್ಡೆ ಇರುವ ನೀರಲ್ಲಿ ಒಂಬತ್ತು ಸೆಕೆಂಡ್ ಕುರುಡಾಗಿರುವುದು ತಮಾಷೆ ಅಲ್ಲ. ಅದೇ ಸಾಮಾನು, ಅದೇ ಜನ ಕೂತಾಗ 150 ನಾಲ್ಕಕ್ಕೆ ಎದ್ದಿತು. ನಾನು ಆ ದುಡ್ಡು ಕೊಟ್ಟಿದ್ದು ಈ ಐದು ಸೆಕೆಂಡಿಗೆ, ಮೇಲಿನ ಒಂಬತ್ತು ಮೈಲಿಗಲ್ಲ.

200 ಬೇಡವಾ ಅಂತ ಕೇಳಬಹುದು. ನನ್ನ ಬೋಟಿಗೆ ಅಂಟಿಸಿರುವ, ಮಿತಿ ಬರೆದ ತಗಡಿನ ಮೇಲೆ ಗರಿಷ್ಠ 150 ಅಂತ ಹೊಡೆದಿದ್ದಾರೆ, ಅಲ್ಲಿಗೆ ಮಾತು ಮುಗಿಯಿತು. ಗೆಳೆಯನ 20 ಅಡಿ ಬೋಟಿನ ಹಿಂದೆ 4.6 ಲೀಟರ್ ವಿ8 ಇರುವ 200 ಇದೆ, ಅದನ್ನು ಓಡಿಸಿ ಕಣ್ಣಲ್ಲಿ ನೀರು ಬರಿಸಿಕೊಂಡು ಇಳಿದೆ. ಚೆನ್ನಾಗಿದೆ. ಆದರೆ ಅದನ್ನು ಎಳೆಯಲು ಅವನ ಹತ್ತಿರ ಟ್ರಕ್ ಇದೆ, ನನ್ನ ಹತ್ತಿರ ಇರುವುದು ನಮ್ಮವರ ಎಲ್ಲರ ಮನೆ ಮುಂದೆ ನಿಂತಿರುವ ಅದೇ ಟೊಯೋಟಾ ಹೈಲ್ಯಾಂಡರ್ ಕಾರು. ನನ್ನದು ಹಳೇ ವಿ6, 5000 ಪೌಂಡ್ ಎಳೆಯುತ್ತದೆ. ಹೈಬ್ರಿಡ್ ಹೈಲ್ಯಾಂಡರ್ ಇರುವವರು ಜೋಪಾನ, ಅದರ ಮಿತಿ 3500. ಬೋಟ್, ಟ್ರೇಲರ್, ಇಂಜಿನ್, ಪೆಟ್ರೋಲ್ ಕೂಡಿಸಿದರೆ ಅದು ಸುಲಭವಾಗಿ ದಾಟಿಹೋಗುತ್ತದೆ.

ಮರ್ಕ್ಯುರಿಯಾ, ಯಮಾಹಾವಾ? ಈ ಜಗಳ ಇಲ್ಲಿ ನಮ್ಮ ಮೈಸೂರು ಮಸಾಲೆ, ದಾವಣಗೆರೆ ಬೆಣ್ಣೆ ದೋಸೆ ಜಗಳದ ಹಾಗೆ, ಮುಗಿಯುವುದಿಲ್ಲ. ಯಮಾಹಾದ ವಿ ಮ್ಯಾಕ್ಸ್ ಎಸ್‌ಎಚ್‌ಒ 150 ಅನ್ನು ಪಕ್ಕದ ಮನೆಯವರ ಸ್ಕೀಟರ್ ಬೋಟಿನಲ್ಲಿ ಓಡಿಸಿದೆ. 2.8 ಲೀಟರ್, ತೂಕ 480 ಪೌಂಡ್. ಮರ್ಕ್ಯುರಿಯದು 456. ನನ್ನ ಕಿವಿಗೆ ಯಮಾಹಾ ನಿಧಾನಕ್ಕೆ ಓಡಿಸುವಾಗ ಇನ್ನೂ ಮೆತ್ತಗೆ ಅನಿಸಿತು. ನಿಂತಲ್ಲಿಂದ ಎಳೆಯುವಾಗ ಮರ್ಕ್ಯುರಿ ಒಂದು ಕೈ ಮೇಲೆ. ಪೆಟ್ರೋಲ್ ಎರಡೂ ಹೆಚ್ಚುಕಮ್ಮಿ ಒಂದೇ, ಹದವಾಗಿ ಓಡಿಸಿದರೆ ಗ್ಯಾಲನ್‌ಗೆ ನಾಲ್ಕು ಮೈಲಿ ಚಿಲ್ಲರೆ. ಆದರೆ ನಿಜ ಹೇಳಬೇಕೆಂದರೆ ಇಲ್ಲಿ ಆಯ್ಕೆ ನಮ್ಮ ಕೈಯಲ್ಲಿ ಅಷ್ಟೊಂದು ಇಲ್ಲ. ಸ್ಕೀಟರ್ ಕಂಪನಿ ಯಮಾಹಾದ್ದೇ, ಅದಕ್ಕೆ ಯಮಾಹಾನೇ ಬರುತ್ತದೆ. ಟ್ರ್ಯಾಕರ್, ನೈಟ್ರೊ ಬೋಟ್ ತಗೊಂಡರೆ ಮರ್ಕ್ಯುರಿ. ಇಂಜಿನ್ ಆರಿಸಿದೆವು ಅಂತ ನಾವು ಅಂದುಕೊಳ್ಳುತ್ತೇವೆ, ಅಷ್ಟರಲ್ಲಿ ಬೋಟೂ ಆರಿಸಿ ಆಗಿರುತ್ತದೆ. ಸರ್ವಿಸ್ ಮಾಡುವವನು ನಿಮ್ಮ ಮನೆಯಿಂದ ಎಷ್ಟು ದೂರ ಅಂತ ನೋಡಿ, ಅದೇ ದೊಡ್ಡ ವಿಷಯ. ಸುಜುಕಿಯನ್ನು ನಾನು ಇದೇ ಕಾರಣಕ್ಕೆ ಕೈಬಿಟ್ಟೆ, ಓಡಿಸಿಯೂ ನೋಡಲಿಲ್ಲ.

ಹಳೇ ಟೂ ಸ್ಟ್ರೋಕ್ ಇಂಜಿನ್ ಅಗ್ಗಕ್ಕೆ ಸಿಗುತ್ತದೆ ಅಂತ ಒಬ್ಬರು ಹೇಳಿದರು. ಮರ್ಕ್ಯುರಿಯ ಆಪ್ಟಿಮ್ಯಾಕ್ಸ್ 2018ಕ್ಕೆ ನಿಂತಿತು, ಇವಿನ್‌ರೂಡ್ 2020ರಲ್ಲಿ ಅಂಗಡಿಯನ್ನೇ ಮುಚ್ಚಿತು. ಹೊಸ ಬೋಟಿಗೆ ಅದು ಬೇಡ.

ಬೋಟ್ ಮನೆಗೆ ಬಂದ ಮೇಲಿನ ಒಂದು ಕತೆ. ಪೂರ್ತಿ ಥ್ರಾಟಲ್ ಕೊಟ್ಟರೂ ಇಂಜಿನ್ 5000 ಆರ್‌ಪಿಎಂ ದಾಟಲಿಲ್ಲ. ಪ್ರೊ ಎಕ್ಸ್‌ಎಸ್ 150ಗೆ 5200ರಿಂದ 6000ದ ಒಳಗೆ ಬರಬೇಕು. ಹೊಸ ಇಂಜಿನ್ ಅಲ್ವಾ, ಪಳಗಿದ ಮೇಲೆ ಸರಿ ಹೋಗುತ್ತದೆ ಅಂದರು ಡೀಲರ್ ಕಡೆಯವರು. ಹೋಗಲಿಲ್ಲ. ಪ್ರೊಪೆಲ್ಲರ್ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ) ನೋಡಿದರೆ ಜಾಸ್ತಿ ಇತ್ತು, ಗುಡ್ಡ ಹತ್ತುವ ಬಸ್ಸನ್ನು ಟಾಪ್ ಗೇರಿನಲ್ಲೇ ಎಳೆಸಿದ ಹಾಗೆ ಅದು. ಪಿಚ್ ಒಂದು ಇಂಚು ಇಳಿಸಿದರೆ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಏರುತ್ತದೆ. ಎರಡು ಇಂಚು ಕಡಿಮೆಯ, ನಾಲ್ಕು ರೆಕ್ಕೆಯದು ಹಾಕಿಸಿದೆ, 5400ಕ್ಕೆ ಬಂತು. ಮೇಲಿನ ವೇಗ ಎರಡು ಮೈಲಿ ಹೋಯಿತು. ತಿರುವಿನಲ್ಲಿ ಈಗ ನೀರು ಬಿಡದೆ ಕಚ್ಚಿ ಹಿಡಿಯುತ್ತದೆ, ಆ ಎರಡು ಮೈಲಿ ನನಗೆ ನೆನಪಾಗುವುದೇ ಇಲ್ಲ. ಬೋಟ್ ಕೈಗೆ ತಗೊಳ್ಳುವ ಮೊದಲು ನಿಮ್ಮ ಸಾಮಾನು ಹೇರಿ ಆರ್‌ಪಿಎಂ ತೋರಿಸು ಅಂತ ಕೇಳಿ.

ಇಷ್ಟೆಲ್ಲ ತಲೆ ಕೆಡಿಸಿಕೊಂಡ ಮೇಲೆ ಒಂದು ಶನಿವಾರ ಗಡಿಯಾರ ಹಿಡಿದು ಲೆಕ್ಕ ಹಾಕಿದೆ. ಬೆಳಗ್ಗೆ ಆರರಿಂದ ಮಧ್ಯಾಹ್ನ ಒಂದರವರೆಗೆ ದೊಡ್ಡ ಇಂಜಿನ್ ಓಡಿದ್ದು 38 ನಿಮಿಷ. ಮುಂದಿನ ಟ್ರೋಲಿಂಗ್ ಮೋಟಾರ್ ನೀರಲ್ಲಿದ್ದದ್ದು ಐದೂವರೆ ಗಂಟೆ. ಹಾಗಿದ್ದರೆ ಜನ ಇಂಜಿನ್ನಿಗೆ ಇಪ್ಪತ್ತು ಸಾವಿರ ಸುರಿದು, ಮುಂದಿನದಕ್ಕೆ ಬಂದಾಗ ಯಾಕೆ ಜಿಪುಣರಾಗುತ್ತಾರೆ? ನಾನೂ ಹಾಗೇ ಇದ್ದೆ.

ಹಳೇ ಬೋಟಿನಲ್ಲಿ ಕಾಲಲ್ಲಿ ಒತ್ತುವ ಸಾದಾ ಮೋಟಾರ್, ಸೀಸದ ಬ್ಯಾಟರಿ. ಒಂದು ಮಾರ್ಚ್‌ನಲ್ಲಿ ದಕ್ಷಿಣದ ಗಾಳಿ ಎದ್ದಿತ್ತು. ಹನ್ನೊಂದು ಗಂಟೆಗೆ ಬ್ಯಾಟರಿ ಸುಸ್ತಾಯಿತು. ಪ್ರೊಪೆಲ್ಲರ್ ತಿರುಗುತ್ತಿದೆ, ಬೋಟ್ ಮಾತ್ರ ಹಿಂದಕ್ಕೆ ಹೋಗುತ್ತಿದೆ. ಒಣ ಮರಗಳ ಮಧ್ಯೆ ಸಿಕ್ಕಿಕೊಂಡೆ. ಕೊಂಬೆ ಹಿಡಿದು ತಳ್ಳಲು ಹೋದರೆ ಕೊಂಬೆಯೇ ಕೈಗೆ ಬಂತು, ಜೊತೆಗೆ ಒಳ್ಳೆಯ ರಾಡ್‌ನ ತುದಿ ಲಟಕ್ ಅಂತ ಮುರಿಯಿತು. ಅವತ್ತೇ ಅಂದುಕೊಂಡೆ, ಮುಂದಿನ ಬೋಟಿಗೆ ಮೊದಲು ಮೂತಿ, ಆಮೇಲೆ ಬಾಲ.

ಮಿನ್ ಕೋಟಾದ ಅಲ್ಟ್ರೆಕ್ಸ್ ಮತ್ತು ಗಾರ್ಮಿನ್‌ನ ಫೋರ್ಸ್, ಈ ಎರಡು ಟ್ರೋಲಿಂಗ್ ಮೋಟಾರ್‌ಗಳನ್ನೂ ಎರಡೆರಡು ದಿನ ಬಳಸಿದೆ. ಎರಡಕ್ಕೂ ಜಿಪಿಎಸ್ ಇದೆ, ಗುಂಡಿ ಒತ್ತಿದರೆ ಗಾಳಿಯಲ್ಲೂ ಬೋಟನ್ನು ಇದ್ದಲ್ಲೇ ನಿಲ್ಲಿಸುತ್ತವೆ. ಇದು ಬಂದ ಮೇಲೆ ಹಳೇ ಕಾಲಕ್ಕೆ ಹೋಗಲು ಆಗುವುದಿಲ್ಲ. ಅಲ್ಟ್ರೆಕ್ಸ್‌ನ ಪೆಡಲ್‌ಗೆ ಕೇಬಲ್ ಇದೆ, ಪಾದ ಅಲ್ಲಾಡಿಸಿದ ತಕ್ಷಣ ತಿರುಗುತ್ತದೆ. ಮರಗಳ ಸಂದಿಯಲ್ಲಿ ಆ ಹಿಡಿತ ನನಗೆ ಬಹಳ ಹಿಡಿಸಿತು. ಫೋರ್ಸ್ ಬ್ರಷ್ ಇಲ್ಲದ ಮೋಟಾರ್, ಸದ್ದು ಕಡಿಮೆ, ಬ್ಯಾಟರಿ ಕುಡಿಯುವುದೂ ಕಡಿಮೆ. 24 ವೋಲ್ಟ್‌ನಲ್ಲಿ 80 ಪೌಂಡ್, 36ರಲ್ಲಿ 100 ಪೌಂಡ್ ಎಳೆತ. ಅಲ್ಟ್ರೆಕ್ಸ್‌ನಲ್ಲಿ 80 ಅಥವಾ 112, ಯಾವುದು ಅಂತ ಮೊದಲೇ ಆರಿಸಬೇಕು. ಎರಡು ದಿನ ಒದ್ದಾಡಿ ಫೋರ್ಸ್ ತಗೊಂಡೆ. ಪಾದ ಹೊಸದಕ್ಕೆ ಒಗ್ಗಿಕೊಳ್ಳುತ್ತದೆ, ಬ್ಯಾಟರಿ ಒಗ್ಗಿಕೊಳ್ಳುವುದಿಲ್ಲ.

ಬ್ಯಾಟರಿಯಲ್ಲಿ ನನಗೆ ಅನುಮಾನವೇ ಇಲ್ಲ. ಸೀಸದ ಎಜಿಎಂ ಬ್ಯಾಟರಿ ಒಂದೊಂದೂ 70 ಪೌಂಡ್ ಆಸುಪಾಸು, ಅದೇ 100 ಆಂಪಿಯರ್ ಗಂಟೆಯ ಲಿಥಿಯಂ ಮೂವತ್ತರೊಳಗೆ. ಮೂರು ಬ್ಯಾಟರಿಗೆ ಲೆಕ್ಕ ಹಾಕಿ, ನೂರು ಪೌಂಡಿಗೂ ಜಾಸ್ತಿ ಉಳಿಯಿತು. ತೂಕಕ್ಕಿಂತ ಮುಖ್ಯ, ಸೀಸದ್ದು ಖಾಲಿಯಾಗುತ್ತಾ ಬಂದ ಹಾಗೆ ಎಳೆತವೂ ಸೊರಗುತ್ತದೆ, ಲಿಥಿಯಂ ಹೆಚ್ಚುಕಡಿಮೆ ಕೊನೆಯವರೆಗೂ ಒಂದೇ ಸಮ. ದೊಡ್ಡ ಇಂಜಿನ್ ಸ್ಟಾರ್ಟ್ ಮಾಡುವುದಕ್ಕೆ ಮಾತ್ರ ಎಜಿಎಂ ಅನ್ನೇ ಉಳಿಸಿಕೊಂಡೆ.

ಮೀನಿನ ಓಡಾಟವನ್ನು ಆಗಿಂದಾಗಲೇ ಪರದೆಯಲ್ಲಿ ತೋರಿಸುವ ಲೈವ್ ಸೋನಾರ್ ಹಾಕಿಸಲಿಲ್ಲ, ಇದಕ್ಕೆ ಬೈಗುಳ ಬರುತ್ತದೆ ಅಂತ ಗೊತ್ತು. ಗೆಳೆಯನ ಬೋಟಿನಲ್ಲಿ ಲೈವ್‌ಸ್ಕೋಪ್ ನೋಡಿದೆ. ನಮ್ಮ ಗಾಳದ ಹಿಂದೆ ಮೀನು ಬರುವುದು, ಮೂಸಿ ನೋಡುವುದು, ತಿರುಗಿ ಹೋಗುವುದು, ಎಲ್ಲ ಸಿನಿಮಾ ಹಾಗೆ ಕಾಣುತ್ತದೆ. ಅವತ್ತು ನಾಲ್ಕು ಗಂಟೆಯಲ್ಲಿ ನಾನು ತಲೆ ಎತ್ತಿ ನೀರು ನೋಡಿದ್ದು ನೆನಪಿಲ್ಲ. ಮನೆಯಲ್ಲಿ ಐಪ್ಯಾಡ್ ಕಿತ್ತುಕೊಂಡು ಮಕ್ಕಳನ್ನು ಇಲ್ಲಿಗೆ ಕರೆತರುವವನು ನಾನು. 2025ರಿಂದ ಬಾಸ್‌ಮಾಸ್ಟರ್ ಟೂರ್ನಮೆಂಟ್‌ನಲ್ಲೂ ಬೋಟಿಗೆ ಇಂಥದ್ದು ಒಂದೇ ಸಾಕು ಅಂತ ಮಿತಿ ಹಾಕಿದ್ದಾರೆ. ನನ್ನ ಬೋಟಿನಲ್ಲಿ ಇರುವುದು ಒಂದು ಹತ್ತಿಂಚಿನ ಪರದೆ, ಪಕ್ಕಕ್ಕೆ ನೋಡುವ ಸಾದಾ ಸೋನಾರ್. ಅಷ್ಟೇ.

ಕೊನೆಗೆ ಉಳಿದಿದ್ದು ಆ್ಯಂಕರ್, ಅಂದರೆ ಕಡಿಮೆ ನೀರಲ್ಲಿ ಕೋಲನ್ನು ತಳಕ್ಕೆ ಚುಚ್ಚಿ ಬೋಟ್ ನಿಲ್ಲಿಸುವ ಸಾಧನ. ಪವರ್ ಪೋಲ್ ಹೈಡ್ರಾಲಿಕ್, ಬೋಟಿನ ಹಿಂದಿನಿಂದ ಮಡಚಿಕೊಂಡು ಇಳಿಯುತ್ತದೆ. ಟ್ಯಾಲನ್ ಕರೆಂಟಿನದು, ನೇರ ಕೆಳಗೆ ಇಳಿಯುತ್ತದೆ. ಜಿಪಿಎಸ್ ಮೋಟಾರ್ ಇರುವಾಗ ಇದೇಕೆ ಅಂದುಕೊಂಡಿದ್ದೆ. ಆದರೆ ಮಾರ್ಚ್‌ನಲ್ಲಿ ಮೀನು ಮೊಟ್ಟೆ ಇಡಲು ಮೂರಡಿ ನೀರಿಗೆ ಬಂದಾಗ ಮೋಟಾರ್ ಗುರ್ ಅಂದರೆ ಸಾಕು, ಓಡಿಹೋಗುತ್ತದೆ. ಹಾಗಾಗಿ ಸದ್ಯ ವೈರ್ ಮಾತ್ರ ಎಳೆಸಿಟ್ಟಿದ್ದೇನೆ. ಅಲ್ಲಿತನಕ ಎಂಟಡಿಯ ಒಂದು ಫೈಬರ್ ಕೋಲು ಇದೆ. ಅಂಬಿಗರ ಹಾಗೆ ಕೆಸರಿಗೆ ಚುಚ್ಚಿ ಹಗ್ಗ ಕಟ್ಟುತ್ತೇನೆ, ಸದ್ದಿಲ್ಲದೆ ನಿಲ್ಲುತ್ತದೆ.