ಸಿಗರೇಟು ಬಿಡುವಾಗ ಹೊಲಿಗೆ ಹಾಕಿದ ಹೊಟ್ಟೆಗೆ ಯಾವುದು ಹಿತ: ಬರಿಯ ಮನೋಬಲ, ಗಮ್, ಪ್ಯಾಚ್, ಮಾತ್ರೆ

ಹದಿನಾಲ್ಕು ತಿಂಗಳ ಅಂತರದಲ್ಲಿ ನನ್ನ ಹೊಟ್ಟೆಯನ್ನು ಒಂದೇ ಜಾಗದಲ್ಲಿ ಎರಡು ಸಲ ಕೊಯ್ದು ಹೊಲಿದಿದ್ದಾರೆ. ಮೊದಲನೆಯದು ಅಪೆಂಡಿಕ್ಸ್ ಒಡೆದು ತುರ್ತಾಗಿ ಆದ ಶಸ್ತ್ರಚಿಕಿತ್ಸೆ. ಆ ಗಾಯ ಒಳಗೆ ಗಟ್ಟಿಯಾಗಿ ಕೂಡಿಕೊಳ್ಳದೆ, ಹೊಲಿಗೆಯ ಸಾಲಿನಲ್ಲೇ ಹರ್ನಿಯಾ ಉಬ್ಬಿದ್ದರಿಂದ ಜಾಲರಿ ಇಟ್ಟು ಮುಚ್ಚಿದ್ದು ಎರಡನೆಯದು. ಆಗ ನಾನು ದಿನಕ್ಕೆ 18 ಸಿಗರೇಟು ಸೇದುತ್ತಿದ್ದೆ, ಮೊದಲನೆಯದನ್ನು ಹಾಸಿಗೆ ಬಿಟ್ಟು ಹತ್ತು ನಿಮಿಷದೊಳಗೆ ಹಚ್ಚುತ್ತಿದ್ದೆ. ಎರಡೂ ಸಲ ಬಿಡಲು ಪ್ರಯತ್ನಪಟ್ಟೆ. ಮೊದಲ ಸಲ ಸೋತೆ, ಎರಡನೆಯ ಸಲ ದಾರಿಯನ್ನು ಎರಡು ಸಾರಿ ಬದಲಿಸಿದ ಮೇಲೆ ಬಿಡಲು ಸಾಧ್ಯವಾಯಿತು. ಹೀಗಾಗಿ ನಾಲ್ಕು ವಿಧಾನಗಳನ್ನು ಒಂದೇ ದೇಹದ ಮೇಲೆ, ಅದೂ ಆಪರೇಷನ್ನಿನ ಆಸುಪಾಸಿನ ದಿನಗಳಲ್ಲಿ, ಪಕ್ಕಪಕ್ಕದಲ್ಲಿ ನೋಡುವ ಅವಕಾಶ ಸಿಕ್ಕಿತು. ಈ ವಿಷಯದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಆರೋಗ್ಯವಂತರಿಗಾಗಿ ಬರೆದವು. ಆಪರೇಷನ್ ಆದವನ ಲೆಕ್ಕವೇ ಬೇರೆ. ಯಾವ ಔಷಧ ಪ್ರಬಲ ಎನ್ನುವುದಕ್ಕಿಂತ, ಕೆಮ್ಮಲೂ ಹೆದರುವ ಹೊಟ್ಟೆ ಯಾವುದನ್ನು ತಾಳಿಕೊಳ್ಳುತ್ತದೆ ಎನ್ನುವುದೇ ಅವನಿಗೆ ಮುಖ್ಯವಾಗುತ್ತದೆ.

ಹೊಗೆ ಗಾಯಕ್ಕೆ ಏನು ಮಾಡುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ; ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತದೆ. ಆಮ್ಲಜನಕ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಗಾಯದ ಅಂಚಿಗೆ ಅದು ಕಡಿಮೆಯಾಗುತ್ತದೆ. ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಟ್ಟವರಲ್ಲಿ ತೊಡಕುಗಳು ಕಡಿಮೆಯೆಂದೂ, ನಾಲ್ಕು ವಾರದ ನಂತರ ಸೇರುವ ಪ್ರತಿ ವಾರವೂ ಫಲಿತಾಂಶವನ್ನು ಶೇಕಡಾ 19ರಷ್ಟು ಉತ್ತಮಪಡಿಸುತ್ತದೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ತುರ್ತು ಚಿಕಿತ್ಸೆಯಲ್ಲಿ ಆ ನಾಲ್ಕು ವಾರಗಳನ್ನು ಯಾರೂ ಕೊಡುವುದಿಲ್ಲ. ಎರಡನೆಯ ಸಲ ಅವು ನನ್ನ ಕೈಯಲ್ಲೇ ಇದ್ದವು, ಆದರೂ ನಾನು ಶುರುಮಾಡಿದ್ದು ಹನ್ನೊಂದು ದಿನ ಮೊದಲು ಮಾತ್ರ. ಅದು ನನ್ನದೇ ತಪ್ಪು.

ಬರಿಯ ಮನೋಬಲದ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಮೊದಲ ಆಪರೇಷನ್ ನಂತರ ಆಸ್ಪತ್ರೆಯಲ್ಲಿದ್ದ ಆರು ದಿನ ಸಿಗರೇಟು ಮುಟ್ಟಲಿಲ್ಲ, ಅದನ್ನು ನನ್ನ ಸಾಧನೆಯೆಂದೇ ಭಾವಿಸಿದ್ದೆ. ಮೂಗಿಗೆ ಆಮ್ಲಜನಕದ ನಳಿಗೆ, ತೋಳಿಗೆ ಡ್ರಿಪ್, ಹೊಟ್ಟೆಗೆ ಡ್ರೈನ್ ಸಿಕ್ಕಿಸಿದ ಮನುಷ್ಯ ಸೇದದೆ ಇರುವುದು ಸಾಧನೆಯೇನೂ ಅಲ್ಲ. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ, ಬಿಟ್ಟ ಯಾತನೆ ಎರಡು ಮೂರು ದಿನಗಳಲ್ಲಿ ಶಿಖರಕ್ಕೇರುತ್ತದೆ. ಆ ದಿನಗಳನ್ನು ನಾನು ನೋವು ನಿವಾರಕಗಳ ಮಂಪರಿನಲ್ಲಿ ಕಳೆದಿದ್ದೆ. ಮನೆಗೆ ಬಂದು, ನೋವಿನ ಮಾತ್ರೆ ಕಡಿಮೆಯಾಗಿ, ಕುರ್ಚಿಯಲ್ಲಿ ಕೂತು ಮಾಡಲು ಕೆಲಸವಿಲ್ಲದಾಗ ನಿಜವಾದ ಹಂಬಲ ಶುರುವಾಯಿತು. ಹತ್ತೊಂಬತ್ತನೆಯ ದಿನ ಒಂದು ಸೇದಿದೆ, ವಾರದೊಳಗೆ ಹಳೆಯ ಲೆಕ್ಕಕ್ಕೇ ಬಂದೆ. ಅದೇ ಹೊತ್ತಿಗೆ ಗಾಯದ ಕೆಳತುದಿ ಕೀವಾಗಿ ಬಿಚ್ಚಿಕೊಂಡಿತು. ಎರಡಕ್ಕೂ ನೇರ ಸಂಬಂಧವಿತ್ತೆಂದು ನಾನು ಸಾಧಿಸಲಾರೆ, ಒಡೆದ ಅಪೆಂಡಿಕ್ಸಿನ ಗಾಯ ಕೀವಾಗುವುದು ಸಾಮಾನ್ಯ; ಆದರೆ ಸೇದುವವರಲ್ಲಿ ಗಾಯದ ಸೋಂಕೂ ಹೊಲಿಗೆಯ ಹರ್ನಿಯಾವೂ ಹೆಚ್ಚು ಎಂಬುದು ಶಸ್ತ್ರವೈದ್ಯರೆಲ್ಲ ಬಲ್ಲ ಮಾತು. ಯಾವ ನೆರವೂ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ವರ್ಷದ ಕೊನೆಗೆ ಬಿಟ್ಟೇ ಉಳಿಯುವವರು ಮೂರರಿಂದ ಐದು ಮಂದಿ ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಎರಡನೆಯ ಸಲ ನಿಕೋಟಿನ್ ಗಮ್ ಹಿಡಿದೆ. ಜಲಾಂತರ್ಗಾಮಿಯೊಳಗೆ ಸೇದುವಂತಿಲ್ಲದ ಸ್ವೀಡನ್ನಿನ ನಾವಿಕರ ಪಾಡನ್ನು ಕಂಡು ಹುಟ್ಟಿದ ಕಲ್ಪನೆಯಂತೆ ಇದು. ಹಾಸಿಗೆ ಬಿಟ್ಟೇಳಲಾಗದ ರೋಗಿಯ ಪಾಡೂ ಹೆಚ್ಚುಕಡಿಮೆ ಅಂಥದ್ದೇ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2 ಮಿಲಿಗ್ರಾಂ ಎಂಬುದು ನಿಯಮವಾದ್ದರಿಂದ ನನ್ನದು 4. ಆಪರೇಷನ್ನಿಗೆ ಮೊದಲಿನ ಹನ್ನೊಂದು ದಿನಗಳಲ್ಲಿ ಗಮ್ ನನ್ನನ್ನು ಚೆನ್ನಾಗಿಯೇ ಕಾಪಾಡಿತು. ಬಾಯಿಗೊಂದು ಕೆಲಸ ಸಿಗುತ್ತದೆ, ಹಂಬಲ ಬಂದಾಗ ಮಾತ್ರ ತೆಗೆದುಕೊಳ್ಳುವ ಸ್ವಾತಂತ್ರ್ಯವೂ ಇದೆ. ಆದರೆ ಇದನ್ನು ಸಾಮಾನ್ಯ ಚ್ಯೂಯಿಂಗ್ ಗಮ್ಮಿನಂತೆ ಅಗಿಯಬಾರದು. ನಾಲಿಗೆ ಚುರುಗುಟ್ಟುವವರೆಗೆ ನಿಧಾನವಾಗಿ ಅಗಿದು, ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿಟ್ಟು, ಚುರುಕು ಆರಿದ ಮೇಲೆ ಮತ್ತೆ ನಾಲ್ಕು ಸಲ ಅಗಿಯಬೇಕು. ನಿಕೋಟಿನ್ ಹೀರಲ್ಪಡುವುದು ಬಾಯೊಳಗಿನ ಚರ್ಮದಿಂದಲೇ ಹೊರತು ಹೊಟ್ಟೆಯಿಂದಲ್ಲ. ಕಾಫಿ, ಹಣ್ಣಿನ ರಸದಂಥ ಹುಳಿ ಗುಣದ ಪಾನೀಯ ಕುಡಿದ ಕಾಲು ಗಂಟೆಯೊಳಗೆ ಹಾಕಿಕೊಂಡರೆ ಅದೂ ಸರಿಯಾಗಿ ಆಗುವುದಿಲ್ಲ.

ತೊಂದರೆ ಬಂದದ್ದು ಆಪರೇಷನ್ನಿನ ನಂತರ. ಮೂರನೆಯ ದಿನ ಸಂಜೆ, ಅವಸರದಲ್ಲಿ ನಾಲ್ಕು ಸಲ ಜೋರಾಗಿ ಅಗಿದು ಜೊಲ್ಲು ನುಂಗಿದೆ. ಎರಡು ನಿಮಿಷದಲ್ಲಿ ಬಿಕ್ಕಳಿಕೆ ಹತ್ತಿತು. ನುಂಗಿದ ನಿಕೋಟಿನ್ ಎದೆಯುರಿ, ಬಿಕ್ಕಳಿಕೆ ತರುತ್ತದೆಂದು ಪೆಟ್ಟಿಗೆಯ ಮೇಲೇ ಬರೆದಿತ್ತು. ಹೊಲಿಗೆ ಇಲ್ಲದ ದಿನಗಳಲ್ಲಿ ಅದನ್ನು ಓದಿ ನಕ್ಕಿದ್ದೆ. ಪ್ರತಿ ಬಿಕ್ಕಿಗೂ ಎದೆ, ಹೊಟ್ಟೆಗಳ ನಡುವಿನ ಸ್ನಾಯುವಾದ ವಪೆ ಸೆಳೆದು, ಜಾಲರಿ ಕೂರಿಸಿದ ಜಾಗದಲ್ಲಿ ಯಾರೋ ಒಳಗಿನಿಂದ ದಾರ ಜಗ್ಗಿದಂತಾಗುತ್ತಿತ್ತು. ದಿಂಬನ್ನು ಎರಡೂ ಕೈಯಿಂದ ಹೊಟ್ಟೆಗೆ ಅವುಚಿಕೊಂಡು, ಹೆಂಡತಿ ಹಿಡಿದ ಲೋಟದಿಂದ ಗುಟುಕು ಗುಟುಕಾಗಿ ನೀರು ಕುಡಿಯುತ್ತಾ ನಲವತ್ತು ನಿಮಿಷ ಕಳೆದೆ. ಆ ರಾತ್ರಿಯೇ ಗಮ್ಮಿನ ಪೆಟ್ಟಿಗೆ ಮೇಜಿನ ಖಾನೆ ಸೇರಿತು. ಇದಕ್ಕೆ ಇನ್ನೊಂದು ಕೊರತೆಯೂ ಇದೆ: ಅರಿವಳಿಕೆಗೆ ಮುನ್ನ ಖಾಲಿ ಹೊಟ್ಟೆಯಲ್ಲಿರಬೇಕಾದ ಗಂಟೆಗಳಲ್ಲಿ ನನಗೆ ಗಮ್ ಕೂಡ ಬೇಡವೆಂದರು, ಹಂಬಲ ಅತಿ ಹೆಚ್ಚಿದ್ದದ್ದು ಆಗಲೇ.

ಚರ್ಮಕ್ಕೆ ಅಂಟಿಸಿ ಅದರ ಮೂಲಕವೇ ನಿಕೋಟಿನ್ ಇಳಿಸುವ ಪ್ಯಾಚಿಗೆ ಬಾಯಿಯೂ ಬೇಡ, ಹೊಟ್ಟೆಯೂ ಬೇಡ. ಶಸ್ತ್ರಚಿಕಿತ್ಸೆಯಾದವನ ದೃಷ್ಟಿಯಿಂದ ಇದೊಂದೇ ಗುಣ ಅದನ್ನು ಉಳಿದೆಲ್ಲಕ್ಕಿಂತ ಮೇಲಕ್ಕೆ ಏರಿಸುತ್ತದೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುತ್ತಿದ್ದವರು 21 ಮಿಲಿಗ್ರಾಂನಿಂದ ಶುರುಮಾಡಿ, ಆರು ವಾರದ ಮೇಲೆ 14ಕ್ಕೆ, ಮತ್ತೆರಡು ವಾರದ ಮೇಲೆ 7ಕ್ಕೆ ಇಳಿಯುವುದು ವಾಡಿಕೆ. ಗಾಯದಿಂದ ದೂರವಾಗಿ, ರೋಮವಿಲ್ಲದ ಒಣ ಚರ್ಮದ ಮೇಲೆ, ದಿನಕ್ಕೊಂದು ಜಾಗ ಬದಲಿಸಿ ಅಂಟಿಸಬೇಕು. ನಾನು ಎಡತೋಳು, ಬಲತೋಳು, ಬೆನ್ನಿನ ಮೇಲ್ಭಾಗ ಎಂದು ಸರದಿ ಇಟ್ಟುಕೊಂಡಿದ್ದೆ. ಅಂಟಿಸಿದ ಮೊದಲ ಗಂಟೆಯಲ್ಲಿ ತುರಿಸುತ್ತದೆ, ತೆಗೆದ ಮೇಲೆ ಕೆಂಪು ಚೌಕ ಉಳಿಯುತ್ತದೆ, ಅಷ್ಟೆ. ರಾತ್ರಿಯೂ ಇಟ್ಟುಕೊಂಡಾಗ ಬಿದ್ದ ಕನಸುಗಳು ಮಾತ್ರ ವಿಪರೀತ: ಸಿನಿಮಾದಷ್ಟು ಸ್ಪಷ್ಟ, ಸಿನಿಮಾದಷ್ಟೇ ಉದ್ದ. ಮಲಗುವಾಗ ತೆಗೆದರೆ ಕನಸು ನಿಲ್ಲುತ್ತದೆ, ಆದರೆ ಹೊಸ ಪ್ಯಾಚ್ ರಕ್ತಕ್ಕೆ ತಲುಪಲು ಗಂಟೆಗಳೇ ಬೇಕಾದ್ದರಿಂದ ಬೆಳಗಿನ ಹಂಬಲಕ್ಕೆ ತಡೆಯಿರುವುದಿಲ್ಲ. ಬೆಳಗ್ಗೆಯೇ ಸೇದುವ ಚಟದವನಾದ ನಾನು ಕನಸುಗಳನ್ನೇ ಆರಿಸಿಕೊಂಡೆ.

ಪ್ಯಾಚಿನ ನಿಜವಾದ ದೌರ್ಬಲ್ಯ ಬೇರೆ. ಅದು ದಿನವಿಡೀ ಒಂದೇ ಮಟ್ಟದಲ್ಲಿ ನಿಕೋಟಿನ್ ಕೊಡುತ್ತದೆ, ಹಂಬಲವಾದರೋ ಅಲೆಯಂತೆ ಬಂದು ಮೂರು, ಐದು ನಿಮಿಷ ನಿಂತು ಹೋಗುತ್ತದೆ. ಅದಕ್ಕಾಗಿ ವೈದ್ಯರು ನಿಕೋಟಿನ್ ಇರುವ 2 ಮಿಲಿಗ್ರಾಂನ ಚೀಪುವ ಮಾತ್ರೆಯನ್ನು ಜೊತೆಗೆ ಸೇರಿಸಿದರು. ಒಂದನ್ನೇ ಬಳಸುವುದಕ್ಕಿಂತ ಹೀಗೆ ನಿಧಾನದ್ದನ್ನೂ ಬೇಗದ್ದನ್ನೂ ಕೂಡಿಸಿ ಬಳಸಿದವರು ಹೆಚ್ಚು ಸಂಖ್ಯೆಯಲ್ಲಿ ಬಿಡುತ್ತಾರೆಂಬುದು ಅಧ್ಯಯನಗಳಿಂದ ದೃಢಪಟ್ಟಿದೆ. ಇದರಿಂದಲೂ ಬಿಕ್ಕಳಿಕೆ ಬರಬಹುದು. ಕಡಿಯದೆ, ಕೆನ್ನೆಯಲ್ಲಿಟ್ಟು ತಾನಾಗಿ ಕರಗಲು ಅರ್ಧ ಗಂಟೆ ಬಿಟ್ಟದ್ದರಿಂದಲೋ ಏನೋ ನನಗೆ ಒಂದೇ ಸಲ ಬಂತು. ನನಗೆ ಅಷ್ಟೇ ಉಪಯೋಗವಾದದ್ದು ಆಸ್ಪತ್ರೆಯಲ್ಲಿ ಕೊಟ್ಟ ಮೂರು ಚೆಂಡಿನ ಉಸಿರಾಟದ ಸಾಧನ. ಶ್ವಾಸಕೋಶ ಹಿಗ್ಗಿಸಲೆಂದು ಕೊಟ್ಟ ಆ ಪ್ಲಾಸ್ಟಿಕ್ ಡಬ್ಬಿಯ ನಳಿಗೆಯನ್ನು ತುಟಿಗಿಟ್ಟು, ಆಳವಾಗಿ ಎಳೆದು, ಚೆಂಡುಗಳನ್ನು ಮೇಲೆ ನಿಲ್ಲಿಸಿ ನಿಧಾನವಾಗಿ ಬಿಡುವುದು ದಮ್ ಎಳೆಯುವ ಚಲನೆಯೇ, ಹೊಗೆಯಿಲ್ಲ ಅಷ್ಟೆ. ಹತ್ತು ಸಲ ಎಳೆದು ಮುಗಿಯುವಷ್ಟರಲ್ಲಿ ಅಲೆ ಇಳಿದಿರುತ್ತಿತ್ತು.

ಯಾವ ವಿಧಾನ ಹಿಡಿದರೂ ಹೊಲಿಗೆಯಿರುವವರನ್ನು ಕಾಡುವ ಮೂರು ಸಂಗತಿಗಳ ಬಗ್ಗೆ ನನಗೆ ಯಾರೂ ಮೊದಲೇ ಎಚ್ಚರಿಸಲಿಲ್ಲ. ಸಿಗರೇಟು ಬಿಟ್ಟಾಗ ಮಲಬದ್ಧತೆಯಾಗುತ್ತದೆ, ನೋವಿಗೆ ಕೊಡುವ ಓಪಿಯಾಯ್ಡ್ (ಅಫೀಮಿನ ಜಾತಿಯ) ಮಾತ್ರೆಗಳೂ ಅದನ್ನೇ ಮಾಡುತ್ತವೆ. ಎರಡೂ ಸೇರಿದರೆ ಶೌಚಕ್ಕೆ ತಿಣುಕಬೇಕಾಗುತ್ತದೆ, ಹರ್ನಿಯಾ ರಿಪೇರಿಯಾದವನು ಮಾಡಲೇಬಾರದ ಕೆಲಸ ಅದು. ವಿರೇಚಕವನ್ನು ಮೊದಲ ದಿನದಿಂದಲೇ ಕೇಳಿ ಪಡೆಯುವುದು ಒಳ್ಳೆಯದು. ಇನ್ನು ಕೆಲವರಲ್ಲಿ ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು ಕಡಿಮೆಯಾಗುವ ಬದಲು ಹೆಚ್ಚುತ್ತದೆ, ನನಗೂ ಹೆಚ್ಚಿತು, ದಿಂಬು ಎರಡು ವಾರ ಕೈಬಿಡಲಿಲ್ಲ. ಮೂರನೆಯದು ಕಾಫಿ: ತಂಬಾಕಿನ ಹೊಗೆ ಯಕೃತ್ತಿನಲ್ಲಿ ಕೆಫೀನನ್ನು ಬೇಗ ಕರಗಿಸುವ ಕಿಣ್ವವನ್ನು ಪ್ರಚೋದಿಸುತ್ತದೆ, ಹೊಗೆ ನಿಂತರೆ ಅದೇ ಎರಡು ಲೋಟ ಕಾಫಿ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ನಿಕೋಟಿನ್ ಇಲ್ಲದ್ದರ ಚಡಪಡಿಕೆಯೆಂದು ನಾನು ಭಾವಿಸಿದ್ದರಲ್ಲಿ ಅರ್ಧ ಪಾಲು ಕಾಫಿಯದೇ ಆಗಿತ್ತು. ಅದನ್ನು ಒಂದೇ ಲೋಟಕ್ಕೆ ಇಳಿಸಿದ ಮೇಲೆ ರಾತ್ರಿ ನಿದ್ದೆ ಮರಳಿತು.

ಐದನೆಯ ವಾರ ಕೆಲಸಕ್ಕೆ ಹಿಂತಿರುಗಿದ ದಿನವೇ ಎರಡು ಸಿಗರೇಟು ಸೇದಿಬಿಟ್ಟೆ. ಆಗ ವೈದ್ಯರು ಪ್ಯಾಚ್ ನಿಲ್ಲಿಸಿ ವರೆನಿಕ್ಲಿನ್ ಮಾತ್ರೆ ಬರೆದರು. ಇದು ಮೆದುಳಿನಲ್ಲಿ ನಿಕೋಟಿನ್ ಕೂರುವ ಪೀಠದಲ್ಲೇ ಕೂತು, ಅರ್ಧಂಬರ್ಧ ಸಮಾಧಾನವನ್ನು ತಾನೇ ಕೊಟ್ಟು, ಸಿಗರೇಟಿನಿಂದ ಬರುವ ನಿಕೋಟಿನ್‌ಗೆ ಜಾಗ ಬಿಡುವುದಿಲ್ಲ. ಮೊದಲ ಮೂರು ದಿನ ಅರ್ಧ ಮಿಲಿಗ್ರಾಂ ಒಂದು ಹೊತ್ತು, ಮುಂದಿನ ನಾಲ್ಕು ದಿನ ಎರಡು ಹೊತ್ತು, ಎಂಟನೆಯ ದಿನದಿಂದ ಒಂದು ಮಿಲಿಗ್ರಾಂ ಎರಡು ಹೊತ್ತು, ಒಟ್ಟು ಹನ್ನೆರಡು ವಾರ. ಎರಡನೆಯ ವಾರದಲ್ಲಿ ಪರೀಕ್ಷಿಸಬೇಕೆಂಬ ದುರ್ಬುದ್ಧಿಯಿಂದ ಸ್ನೇಹಿತನ ಸಿಗರೇಟಿನಿಂದ ಒಂದು ದಮ್ ಎಳೆದೆ. ಒದ್ದೆ ಕಾಗದ ಸುಟ್ಟಂಥ ರುಚಿಯಷ್ಟೇ ಬಂತು, ಹಿಂದೆ ಬರುತ್ತಿದ್ದ ಆ ನೆಮ್ಮದಿ ಬರಲಿಲ್ಲ. ಹಂಬಲವನ್ನು ತಣಿಸುವುದರಲ್ಲಿ ಪ್ಯಾಚ್ ಇದರ ಹತ್ತಿರಕ್ಕೂ ಬರುವುದಿಲ್ಲವೆಂಬುದು ನನ್ನ ಅನುಭವ. 2016ರಲ್ಲಿ ಪ್ರಕಟವಾದ, ಎಂಟು ಸಾವಿರಕ್ಕೂ ಹೆಚ್ಚು ಜನರ ಈಗಲ್ಸ್ ಅಧ್ಯಯನದಲ್ಲೂ ವರೆನಿಕ್ಲಿನ್ ಪ್ಯಾಚಿಗಿಂತಲೂ, ಸಿಗರೇಟು ಬಿಡಿಸಲು ಕೊಡುವ ಇನ್ನೊಂದು ಮಾತ್ರೆಯಾದ ಬುಪ್ರೊಪಿಯಾನ್‌ಗಿಂತಲೂ ಮುಂದಿತ್ತು.

ಹಾಗಿದ್ದರೂ ಇದನ್ನು ಹೊಲಿಗೆ ಹಸಿಯಿದ್ದಾಗ ಶುರುಮಾಡದಿದ್ದದ್ದು ನನ್ನ ಪುಣ್ಯವೆಂದೇ ತಿಳಿಯುತ್ತೇನೆ. ವಾಕರಿಕೆ ಇದರ ಅತಿ ಸಾಮಾನ್ಯ ಅಡ್ಡಪರಿಣಾಮ. ಹೊಟ್ಟೆ ತುಂಬ ಊಟ ಮಾಡಿ, ದೊಡ್ಡ ಲೋಟ ನೀರಿನೊಂದಿಗೆ ನುಂಗಿದರೂ ನನಗೆ ಮೊದಲ ಹತ್ತು ದಿನ ಅದು ತಪ್ಪಲಿಲ್ಲ, ಒಂದು ಬೆಳಗ್ಗೆ ಬರಿಹೊಟ್ಟೆಯಲ್ಲಿ ನುಂಗಿ ವಾಂತಿಯನ್ನೂ ಮಾಡಿಕೊಂಡೆ. ಗಂಜಿಯೂ ಸೇರದ ಮೂರನೆಯ ದಿನ ಅದೇ ವಾಂತಿಯಾಗಿದ್ದರೆ ಜಾಲರಿಯ ಗತಿ ಏನಾಗುತ್ತಿತ್ತೋ. ಮೇಲಾಗಿ ಪೂರ್ಣ ಪ್ರಮಾಣಕ್ಕೆ ಬರಲು ವಾರ ಬೇಕಾದ್ದರಿಂದ, ಇವತ್ತಿನ ಹಂಬಲಕ್ಕೆ ಇವತ್ತೇ ಉತ್ತರ ಇದರಲ್ಲಿಲ್ಲ. ಆಪರೇಷನ್ನಿಗೆ ತಿಂಗಳ ಮುಂಚೆ ಶುರುಮಾಡಬಲ್ಲವರಿಗೆ ಇದೇ ಮೊದಲ ಆಯ್ಕೆಯಾಗಬೇಕೆಂದು ನನಗನ್ನಿಸುತ್ತದೆ. ನನ್ನಂತೆ ತಡಮಾಡಿದವರಿಗೆ ಮೊದಲು ಪ್ಯಾಚ್, ಹೊಟ್ಟೆ ನೆಲೆಗೆ ಬಂದ ಮೇಲೆ ಮಾತ್ರೆ. ಬುಪ್ರೊಪಿಯಾನ್ ವಿಷಯ ನಾನಾಗಿಯೇ ಕೇಳಿದ್ದೆ: ಅದು ಸೆಳವು (ಫಿಟ್ಸ್) ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ನೋವಿಗೆ ನನಗೆ ಕೊಡುತ್ತಿದ್ದ ಟ್ರಮಡಾಲ್ ಕೂಡ ಅದನ್ನೇ ಮಾಡುತ್ತದೆ, ಆದ್ದರಿಂದ ಬೇಡವೆಂದರು.

ಗಾಯ ಮಾಯುವಾಗ ನಿಕೋಟಿನ್ ಪ್ಯಾಚ್ ಹಚ್ಚಿದರೆ ಅದೂ ರಕ್ತನಾಳವನ್ನು ಸಂಕುಚಿಸುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, ಹೊಗೆಯ ವಿಷಗಳಿಲ್ಲದ ಆ ನಿಕೋಟಿನ್‌ಗಿಂತ ನೀನು ಮತ್ತೆ ಸೇದುವುದೇ ನನ್ನ ಜಾಲರಿಗೆ ದೊಡ್ಡ ಅಪಾಯ ಎಂದರು ನನ್ನ ಶಸ್ತ್ರವೈದ್ಯರು. ಎಲ್ಲ ಶಸ್ತ್ರವೈದ್ಯರೂ ಹಾಗೆ ಹೇಳುವುದಿಲ್ಲ. ಚರ್ಮವನ್ನು ಕಸಿ ಮಾಡುವಾಗ, ಬೆನ್ನುಮೂಳೆಗಳನ್ನು ಬೆಸೆಯುವಾಗ ಯಾವ ರೂಪದ ನಿಕೋಟಿನ್ನೂ ಕೂಡದೆನ್ನುವವರಿದ್ದಾರೆ, ಅವರಲ್ಲಿ ಕೆಲವರು ಮೊದಲೇ ರಕ್ತದಲ್ಲೋ ಮೂತ್ರದಲ್ಲೋ ಕೊಟಿನಿನ್ ಪರೀಕ್ಷೆಯನ್ನೂ ಮಾಡಿಸುತ್ತಾರೆ. ದೇಹ ನಿಕೋಟಿನ್ನಿನಿಂದ ತಯಾರಿಸುವ ವಸ್ತು ಅದಾದ್ದರಿಂದ, ಗಮ್ ಅಗಿದವರೂ ಪ್ಯಾಚ್ ಹಚ್ಚಿದವರೂ ಆ ಪರೀಕ್ಷೆಯಲ್ಲಿ ಸೇದಿದವರಂತೆಯೇ ಕಾಣಿಸಿಕೊಳ್ಳುತ್ತಾರೆ. ಅಂಥವರ ಮಟ್ಟಿಗೆ ನನ್ನ ಹೋಲಿಕೆ ತಲೆಕೆಳಗಾಗುತ್ತದೆ: ನಿಕೋಟಿನ್ ಇಲ್ಲದ ವರೆನಿಕ್ಲಿನ್ ಮೊದಲಿಗೆ ಬರುತ್ತದೆ, ಅದನ್ನು ವಾರಗಟ್ಟಲೆ ಮುಂಚೆ ಆರಂಭಿಸಿ ವಾಕರಿಕೆಯ ದಿನಗಳನ್ನು ಆಪರೇಷನ್ನಿಗೆ ಮೊದಲೇ ಕಳೆದುಕೊಳ್ಳಬೇಕಾಗುತ್ತದೆ.