ಎತ್ತರ ಹೆಚ್ಚಿಸೋ ಇಂಜೆಕ್ಷನ್ ಪ್ಯಾಕೇಜ್: ಕಲಬುರಗಿ ತಂದೆತಾಯಂದಿರೇ, ದುಡ್ಡು ಕಟ್ಟೋ ಮುಂಚೆ ಓದಿ

ಹೆಸರು ಬರೆಯಲ್ಲ. ಆದರೆ ಕಲಬುರಗಿಯಲ್ಲಿ "ಮಕ್ಕಳ ಎತ್ತರ ಹೆಚ್ಚಿಸುತ್ತೇವೆ" ಅನ್ನೋ ಬೋರ್ಡ್ ನೋಡಿದರೆ ಈಗಲೂ ಮೈ ಉರಿಯುತ್ತದೆ.

ಮಗಳಿಗೆ 9 ವರ್ಷ. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ. ಹೋದ ವರ್ಷದ ಫ್ರಾಕ್ ಈ ವರ್ಷವೂ ಸರಿಯಾಗಿ ಕೂರುತ್ತಿತ್ತು. ಸದಾ ಸುಸ್ತು, ಮಲಬದ್ಧತೆ, ಒಣ ಚರ್ಮ. ಮೇ ತಿಂಗಳ ನಮ್ಮ ಬಿಸಿಲಲ್ಲೂ "ಚಳಿ, ಫ್ಯಾನ್ ಬಂದ್ ಮಾಡು" ಅನ್ನುತ್ತಿದ್ದಳು. ನಮ್ಮೂರ ಮೇ ತಿಂಗಳಲ್ಲಿ! ಇದೆಲ್ಲ ಆ ಕ್ಲಿನಿಕ್ಕಿನಲ್ಲಿ ಹೇಳಿದೆ. ಒಂದಕ್ಷರ ಬರೆದುಕೊಳ್ಳಲಿಲ್ಲ.

ಮಧ್ಯಾಹ್ನ ಒಂದೇ ಸಲ ರಕ್ತ ತೆಗೆದರು. "ಬೆಳವಣಿಗೆ ಹಾರ್ಮೋನ್ ಭಾಳ ಕಮ್ಮಿ ಅದ ನೋಡ್ರಿ ಅಕ್ಕಾರ. ಈಗ ಇಂಜೆಕ್ಷನ್ ಶುರು ಮಾಡ್ಲಿಲ್ಲಂದ್ರ ಎಲುಬು ಕೂಡ್ಕೊಂಡು ಬಿಡ್ತಾವ. ಆಮ್ಯಾಲ ನಮ್ಮನ್ನ ಕೇಳಬ್ಯಾಡ್ರಿ." ಹೀಗೆ ಹೆದರಿಸಿದರೆ ಯಾವ ತಾಯಿ ಸುಮ್ನೆ ಎದ್ದು ಬರುತ್ತಾಳೆ? 60 ಸಾವಿರ ಅಡ್ವಾನ್ಸ್. ದಿನಾ ರಾತ್ರಿ ಸೂಜಿ, ದಿನಾ ರಾತ್ರಿ ಅಳು.

ಆಮೇಲೆ ಜ್ವರ ಬಂತೆಂದು ಬೇರೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಫೈಲನ್ನು ಹಿಂದೆ ಮುಂದೆ ತಿರುವಿದರು. "ಥೈರಾಯ್ಡ್ ರಿಪೋರ್ಟ್ ಎಲ್ಲಮ್ಮಾ?" ಇಲ್ಲ. "ಎಲುಬಿನ ವಯಸ್ಸು ನೋಡೋ ಎಡಗೈ ಎಕ್ಸ್‌ರೇ?" ಇಲ್ಲ. "ಎತ್ತರದ ಚಾರ್ಟ್?" ಅದೂ ಇಲ್ಲ. ಅವರು ಏನೂ ಅನ್ನದೆ ಫೈಲ್ ಮುಚ್ಚಿಟ್ಟರು ನೋಡಿ, ಗಂಡನ ಎದುರು ತಲೆ ಎತ್ತಲಾಗಲಿಲ್ಲ ನನಗೆ.

ಬೆಳವಣಿಗೆ ಹಾರ್ಮೋನ್ ರಕ್ತಕ್ಕೆ ಬರೋದೇ ಬಿಟ್ಟು ಬಿಟ್ಟು, ಹೆಚ್ಚಾಗಿ ನಿದ್ದೆಯಲ್ಲಂತೆ. ಹಗಲಲ್ಲಿ ಒಂದು ಸಲ ನೋಡಿದರೆ ಚೆನ್ನಾಗಿರೋ ಮಗುವಿಗೂ ಕಮ್ಮಿ ಕಾಣುತ್ತದೆ. ನಿಜವಾಗಿ ತಿಳಿಯಬೇಕಾದರೆ ಔಷಧಿ ಕೊಟ್ಟು, ಗಂಟೆಗಟ್ಟಲೆ ಕೂರಿಸಿ, ಹಲವು ಸಲ ರಕ್ತ ತೆಗೆಯಬೇಕು. ಅದಕ್ಕೂ ಮುಂಚೆ ಥೈರಾಯ್ಡ್ ನೋಡಲೇಬೇಕು, ಅದು ಕಮ್ಮಿಯಾದರೂ ಮಗು ಬೆಳೆಯಲ್ಲ. ನೋಡಿದರೆ ಟಿಎಸ್‌ಎಚ್ (ಥೈರಾಯ್ಡ್ ಕಮ್ಮಿಯಾದಾಗ ಏರೋ ಹಾರ್ಮೋನ್) 100ರ ಮೇಲೆ! 5ರ ಆಸುಪಾಸು ದಾಟಬಾರದು ಅದು. ಈಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಥೈರಾಕ್ಸಿನ್ ಮಾತ್ರೆ, ಅಷ್ಟೇ. ದಿನಕ್ಕೆ ಕೆಲವೇ ರೂಪಾಯಿ. ಸುಸ್ತು ಹೋಯ್ತು, ಫ್ರಾಕ್ ಗಿಡ್ಡವಾಗುತ್ತಿದೆ.

ದುಡ್ಡು ಕೇಳಿದ್ದಕ್ಕೆ ಕ್ಲಿನಿಕ್ಕಿನವರ ಉತ್ತರ: "ಔಷಧಿ ಆರ್ಡರ್ ಹೋಗ್ಯಾದ್ರಿ." ಮರುದಿನ: "ಥೈರಾಯ್ಡ್ ಆಮ್ಯಾಲ ಬಂದಿರಬಹುದ್ರಿ." ಮತ್ತೆ ಕೇಳಿದರೆ: "ಆ ಡಾಕ್ಟರಿಗೆ ಏನ್ ಗೊತ್ತದ?" ಬಿಲ್ ಕೇಳಿದೆ. "ಬಿಲ್ ಬೇಕಂದ್ರ ಇನ್ನೂ ಜಾಸ್ತಿ ಬೀಳ್ತದ." ದುಡ್ಡು ಕಟ್ಟಿದವಳು ನಾನು, ಬಿಲ್ ಕೇಳಿದರೆ ನನಗೇ ದಂಡ! ಈಗ ವಾಟ್ಸಾಪಿನಲ್ಲಿ ನೀಲಿ ಗೀಟು ಮಾತ್ರ, ಉತ್ತರವಿಲ್ಲ.

ಆ ಇಂಜೆಕ್ಷನ್ ಕೆಟ್ಟದ್ದಲ್ಲ, ನಿಜವಾಗಿ ಬೇಕಾದ ಮಕ್ಕಳಿದ್ದಾರೆ. ಪರೀಕ್ಷೆ ಮಾಡದೆ ಮಾರುವವರ ಮೇಲೆ ನನ್ನ ಸಿಟ್ಟು. 4 ವರ್ಷ ದಾಟಿದ ಮಗು ವರ್ಷಕ್ಕೆ 4 ಸೆಂಟಿಮೀಟರ್ ಕೂಡ ಬೆಳೆಯದಿದ್ದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ನೋಡದೆ ಪ್ಯಾಕೇಜ್ ಮಾತಾಡಿದರೆ ಎದ್ದು ಬನ್ನಿ.

ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. "ಪ್ಯಾಕೇಜ್" ಅಂತಷ್ಟೇ ಬರೆದ ಚೀಟಿ ನಿಮಗೂ ಕೊಟ್ಟಿದ್ದರೆ ಹರಿಯಬೇಡಿ. ಇಂಜೆಕ್ಷನ್ ಡಬ್ಬಿಯನ್ನೂ ಬಿಸಾಡಬೇಡಿ, ಫೋಟೋ ತೆಗೆದಿಡಿ.